ಮಗು ಯಾರದೆಂದು ಎಲ್ಲರೂ ಕೇಳಿದರು: ಮಂಜಿ ಪ್ರಕರಣದ ಅಧ್ಯಯನ

2008ರ ಜುಲೈ 25ರಂದು ಗುಜರಾತಿನ ಆನಂದ್ ಪಟ್ಟಣದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ವೀರ್ಯ ಜಪಾನಿನ ಒಬ್ಬ ವೈದ್ಯರದು. ಅಂಡಾಣು ಹೆಸರು ಬಹಿರಂಗವಾಗದ ದಾನಿಯದು. ಹೊತ್ತು ಹೆತ್ತವರು ಭಾರತದ ಒಬ್ಬ ಹೆಂಗಸು. ಮಗು ಬೇಕೆಂದು ಹಿಂದಿನ ವರ್ಷ ಗಂಡನ ಜೊತೆ ಭಾರತಕ್ಕೆ ಬಂದಿದ್ದ ಜಪಾನಿ ಹೆಂಡತಿ, ಹೆರಿಗೆಗೆ ತಿಂಗಳೊಂದು ಉಳಿದಿರುವಾಗ ವಿಚ್ಛೇದನವಾಗಿ, ಈ ಮಗು ತನಗೆ ಬೇಡ ಎಂದಿದ್ದರು. ಹೀಗಾಗಿ ಮಂಜಿ ಎಂದು ಹೆಸರಿಟ್ಟ ಆ ಕೂಸಿಗೆ ತಾಯಿ ಎನ್ನಬಹುದಾದವರು ಮೂವರಿದ್ದರು. ಕಾಗದದ ಮೇಲೆ ತಾಯಿಯಾಗಿ ನಿಲ್ಲುವವರು ಒಬ್ಬರೂ ಇರಲಿಲ್ಲ.

ಬೇಬಿ ಮಂಜಿ ಯಮಡಾ ವಿರುದ್ಧ ಭಾರತ ಸರ್ಕಾರ ಎಂದು ಸುಪ್ರೀಂ ಕೋರ್ಟಿನಲ್ಲಿ ದಾಖಲಾಗಿರುವ ಈ ಮೊಕದ್ದಮೆಯನ್ನು ಸಾಮಾನ್ಯವಾಗಿ ಪೌರತ್ವದ, ಪಾಸ್‌ಪೋರ್ಟಿನ ತೊಡಕಾಗಿ ಓದುತ್ತಾರೆ. ನಾನಿಲ್ಲಿ ಅದನ್ನು ಬೇರೆ ಬಾಗಿಲಿನಿಂದ ಹೊಕ್ಕಿದ್ದೇನೆ. ವೇಶ್ಯಾವೃತ್ತಿ, ಬಾಡಿಗೆ ತಾಯ್ತನ ಎರಡರ ಬಗ್ಗೆಯೂ ಸ್ತ್ರೀವಾದಿಗಳು ನಲವತ್ತು ವರ್ಷಗಳಿಂದ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ. ಹೆಣ್ಣಿನ ಮೈಯಿಂದ ನಡೆಯುವ ಕೆಲಸಕ್ಕೆ ದುಡ್ಡು ಕೊಟ್ಟರೆ ಅದು ಮಾರಾಟವೋ, ದುಡಿಮೆಯೋ ಎಂಬುದು ಜಗಳದ ತಿರುಳು. ಆ ವಾದಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡಲು ಮಂಜಿ ಪ್ರಕರಣ ಒಳ್ಳೆಯ ಕಣ.

ನಡೆದದ್ದು

ಆನಂದ್ ಎಂದರೆ ನಮಗೆಲ್ಲ ಅಮುಲ್ ಹಾಲಿನ ಊರು. 2004ರಲ್ಲಿ ಆ ಊರಿಗೆ ಇನ್ನೊಂದು ಹೆಸರು ಬಂತು. ಬ್ರಿಟನ್ನಿನಲ್ಲಿದ್ದ ತನ್ನ ಮಗಳಿಗಾಗಿ ತಾಯಿಯೊಬ್ಬರು ಅವಳಿ ಮಕ್ಕಳನ್ನು ಹೊತ್ತು ಹೆತ್ತರು, ಅಂದರೆ ಅಜ್ಜಿಯೇ ಮೊಮ್ಮಕ್ಕಳನ್ನು ಹೆತ್ತರು. ಆ ಹೆರಿಗೆ ಮಾಡಿಸಿದ ಡಾ. ನಯನಾ ಪಟೇಲ್ ಅವರ ಆಕಾಂಕ್ಷಾ ಆಸ್ಪತ್ರೆಗೆ ದೇಶವಿದೇಶದಿಂದ ದಂಪತಿಗಳು ಬರತೊಡಗಿದರು. ಆಗ ಭಾರತದಲ್ಲಿ ಬಾಡಿಗೆ ತಾಯ್ತನಕ್ಕೆ ಕಾನೂನೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಹೊರಡಿಸಿದ್ದ ಮಾರ್ಗಸೂಚಿ ಇತ್ತು, ಪಾಲಿಸದಿದ್ದರೆ ಕೇಳುವವರಿರಲಿಲ್ಲ. ಅಮೆರಿಕದಲ್ಲಿ ತಗಲುವ ಖರ್ಚಿನ ಒಂದು ಪಾಲಿನಲ್ಲಿ ಇಲ್ಲಿ ಕೆಲಸ ಮುಗಿಯುತ್ತಿತ್ತು.

ಮಂಜಿ ಹುಟ್ಟಿದ ಮಾರನೆಯ ದಿನ, ಜುಲೈ 26ರಂದು, ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದವು. (ಹುಟ್ಟಿದ ದಿನವೇ ನಮ್ಮ ಬೆಂಗಳೂರಿನಲ್ಲೂ ಸಿಡಿದಿದ್ದವು, ಆ ವಾರವನ್ನು ಮರೆಯದವರು ಇನ್ನೂ ಇದ್ದಾರೆ.) ಗುಜರಾತಿನ ಪರಿಸ್ಥಿತಿ ಬಿಗಡಾಯಿಸಿದ್ದರಿಂದ ಆಗಸ್ಟ್ 3ರಂದು ಮಗುವನ್ನು ಜೈಪುರದ ಆಸ್ಪತ್ರೆಯೊಂದಕ್ಕೆ ಸಾಗಿಸಲಾಯಿತು. ಅಪ್ಪನ ವೀಸಾ ಮುಗಿದಿತ್ತು. ಅವರು ಜಪಾನಿಗೆ ಹಿಂತಿರುಗಲೇಬೇಕಾಯಿತು. ಮಗುವನ್ನು ನೋಡಿಕೊಳ್ಳಲು ಅವರ ತಾಯಿ, ವಯಸ್ಸಾದ ಅಜ್ಜಿ, ಭಾಷೆ ಬಾರದ ದೇಶಕ್ಕೆ ಬಂದಿಳಿದರು.

ಮಗುವನ್ನು ಕರೆದೊಯ್ಯಲು ಪಾಸ್‌ಪೋರ್ಟ್ ಬೇಕು. ಜಪಾನಿನ ಕಾನೂನಿನಲ್ಲಿ ಹೆತ್ತವಳೇ ತಾಯಿ. ಅಮೆರಿಕದ ಬಾಡಿಗೆ ತಾಯಿಯಿಂದ ಅವಳಿ ಮಕ್ಕಳನ್ನು ಪಡೆದಿದ್ದ ಜಪಾನಿ ದಂಪತಿಯೊಬ್ಬರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2007ರ ಮಾರ್ಚ್‌ನಲ್ಲಿ ಇದನ್ನೇ ಎತ್ತಿಹಿಡಿದಿತ್ತು. ಹಾಗಾದರೆ ತಾಯಿ ಭಾರತದವಳು, ಮಗುವೂ ಭಾರತದ್ದು, ಪಾಸ್‌ಪೋರ್ಟ್ ಅಲ್ಲೇ ಪಡೆಯಿರಿ ಎಂದಿತು ಜಪಾನ್. ಇಲ್ಲಿ ಅರ್ಜಿ ತುಂಬಲು ಹೋದರೆ ತಾಯಿಯ ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ಯಾರಿಗೂ ತಿಳಿಯದು. ಆನಂದ್ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರೊಂದೇ ಇತ್ತು. ದತ್ತು ತೆಗೆದುಕೊಳ್ಳೋಣವೆಂದರೆ, ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯಲು ಕಾನೂನಿನ ತೊಡಕು.

ಅಷ್ಟರಲ್ಲಿ ಜೈಪುರದ ಸತ್ಯ ಎಂಬ ಸಂಸ್ಥೆ ರಾಜಸ್ಥಾನ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿತು. ಬಾಡಿಗೆ ತಾಯ್ತನದ ಹೆಸರಿನಲ್ಲಿ ಮಕ್ಕಳ ಸಾಗಾಟ ನಡೆಯುತ್ತಿದೆ, ಮಗುವನ್ನು ಕೋರ್ಟಿನ ಮುಂದೆ ತನ್ನಿ ಎಂಬುದು ಅದರ ಬೇಡಿಕೆ. ಇದರ ವಿರುದ್ಧ ಅಜ್ಜಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2008ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಅರಿಜಿತ್ ಪಸಾಯತ್ ಮತ್ತು ಮುಕುಂದಕಂ ಶರ್ಮಾ ಅವರ ಪೀಠ ತೀರ್ಪು ಕೊಟ್ಟಿತು. ದೂರಿದ್ದರೆ ಮಕ್ಕಳ ಹಕ್ಕುಗಳ ಆಯೋಗದ ಮುಂದೆ ಹೋಗಿ, ಪ್ರಯಾಣದ ದಾಖಲೆಯ ಅರ್ಜಿಯನ್ನು ಸರ್ಕಾರ ಬೇಗ ವಿಲೇವಾರಿ ಮಾಡಲಿ ಎಂಬುದು ಅದರ ಸಾರ. ನವೆಂಬರಿನ ಆರಂಭದಲ್ಲಿ ಜೈಪುರದ ಪಾಸ್‌ಪೋರ್ಟ್ ಕಚೇರಿ ಮಗುವಿಗೆ ಪಾಸ್‌ಪೋರ್ಟ್ ಬದಲು ಗುರುತಿನ ಪ್ರಮಾಣಪತ್ರವೊಂದನ್ನು ಕೊಟ್ಟಿತು. ಅದರಲ್ಲಿ ರಾಷ್ಟ್ರೀಯತೆ ಇರಲಿಲ್ಲ, ತಾಯಿಯ ಹೆಸರಿರಲಿಲ್ಲ, ಧರ್ಮವೂ ಇರಲಿಲ್ಲ. ಜಪಾನ್ ಮಾನವೀಯತೆಯ ನೆಲೆಯಲ್ಲಿ ವೀಸಾ ಕೊಟ್ಟಿತು. ಅಜ್ಜಿ ಮೊಮ್ಮಗಳು ಊರಿಗೆ ಹೋದರು.

ಯಾರನ್ನು ಕೇಳಲಿಲ್ಲ

ತೀರ್ಪು ಚಿಕ್ಕದು, ಕೆಲವೇ ಪುಟ. ಬಾಡಿಗೆ ತಾಯ್ತನ ಎಂದರೇನು, ಅದರಲ್ಲಿ ಎಷ್ಟು ಬಗೆ ಎಂದು ವಿವರಿಸಲು ಅದರಲ್ಲಿ ಸಾಕಷ್ಟು ಜಾಗ ಮೀಸಲಾಗಿದೆ. ದುಡ್ಡಿನ ಬಾಡಿಗೆ ತಾಯ್ತನವನ್ನು ಜನ ಗರ್ಭಗಳ ಬಾಡಿಗೆ, ಶಿಶುಗಳ ಫಾರ್ಮು ಎಂದೆಲ್ಲ ಕರೆಯುತ್ತಾರೆ, ಇವು ನೋಯಿಸುವ ಮಾತುಗಳು ಎಂಬ ಉಲ್ಲೇಖವೂ ಇದೆ. ಜೈಪುರದ ಆಸ್ಪತ್ರೆಯಲ್ಲಿ ಮಗುವಿಗೆ ಬೇಕಾದ ಆರೈಕೆ ಸಿಗುತ್ತಿತ್ತು, ಒಬ್ಬ ಹೆಂಗಸು ಎದೆಹಾಲು ಕೊಡುತ್ತಿದ್ದಳು ಎಂದು ಒಂದು ಕಡೆ ಬರುತ್ತದೆ. ಯಾರು ಆಕೆ, ಯಾರು ಕರೆಸಿದರು, ಆಕೆಯ ಸ್ವಂತ ಮಗು ಎಲ್ಲಿತ್ತು, ಕೂಲಿ ಎಷ್ಟು? ಮೊಕದ್ದಮೆಗೆ ಅದು ಬೇಕಿರಲಿಲ್ಲ, ನಿಜ. ಆದರೆ ಒಂಬತ್ತು ತಿಂಗಳು ಹೊತ್ತವರ ವಿಷಯದಲ್ಲೂ ತೀರ್ಪು ಹೆಚ್ಚುಕಡಿಮೆ ಅಷ್ಟೇ ಮೌನವಾಗಿದೆ. ಆಕೆ ಅರ್ಜಿದಾರರಲ್ಲ, ಪ್ರತಿವಾದಿಯಲ್ಲ, ಸಾಕ್ಷಿಯೂ ಅಲ್ಲ. ಒಪ್ಪಂದದ ಪ್ರಕಾರ ಹೆರಿಗೆಯೊಂದಿಗೆ ಆಕೆಯ ಪಾತ್ರ ಮುಗಿದಿತ್ತು.

ಗಮನಿಸಿ: ಮಗುವನ್ನು ಕಾಪಾಡಲು ಹೊರಟ ಸಂಸ್ಥೆಯ ಅರ್ಜಿ ಮಗುವಿನ ಬಗ್ಗೆ. ಅಜ್ಜಿಯ ಅರ್ಜಿ ಮಗುವಿನ ಬಗ್ಗೆ. ಎರಡು ಸರ್ಕಾರಗಳ ಕಾಗದಪತ್ರ ಮಗುವಿನ ಬಗ್ಗೆ. ಸಾಗಾಟ ಎಂಬ ಗುರುತರ ಆರೋಪ ಬಂದಾಗಲೂ, ಆ ವ್ಯವಹಾರದಲ್ಲಿ ತನ್ನ ಮೈಯನ್ನೇ ಒಡ್ಡಿದ್ದವರು ಒಪ್ಪಿ ಒಡ್ಡಿದರೋ ಒತ್ತಾಯಕ್ಕೋ, ಹೇಳಿದಷ್ಟು ಹಣ ಕೈಸೇರಿತೋ, ಹೆರಿಗೆಯ ನಂತರ ಆರೋಗ್ಯ ಹೇಗಿದೆ ಎಂಬುದು ವ್ಯಾಜ್ಯದ ಅಂಗಳಕ್ಕೇ ಬರಲಿಲ್ಲ.

ಇದೇ ಆನಂದಿನ ಇನ್ನೊಂದು ಮೊಕದ್ದಮೆಯಲ್ಲಿ, ಜರ್ಮನಿಯ ದಂಪತಿಯ ಅವಳಿ ಮಕ್ಕಳ ವಿಷಯದಲ್ಲಿ, ಗುಜರಾತ್ ಹೈಕೋರ್ಟ್ 2009ರ ನವೆಂಬರಿನಲ್ಲಿ ಹೆತ್ತ ಹೆಂಗಸು ಭಾರತದವಳಾದ್ದರಿಂದ ಮಕ್ಕಳೂ ಭಾರತೀಯರು ಎಂದಿತು. ಹೆತ್ತವಳಿಗೆ ಅಲ್ಲಿ ಬೆಲೆ ಬಂದದ್ದು ನಿಜ, ಅದೂ ಮಕ್ಕಳ ಪೌರತ್ವಕ್ಕೆ ಆಧಾರವಾಗಿ. ಆ ಮಕ್ಕಳು ಜರ್ಮನಿ ಸೇರಿದ್ದು ಮುಂದಿನ ವರ್ಷ, ದತ್ತು ಪ್ರಕ್ರಿಯೆಯ ಮೂಲಕ.

ಮಾರಾಟ ಎನ್ನುವವರು, ದುಡಿಮೆ ಎನ್ನುವವರು

ಬಾಡಿಗೆ ತಾಯ್ತನವನ್ನು ವೇಶ್ಯಾವೃತ್ತಿಯ ಪಕ್ಕಕ್ಕಿಟ್ಟು ನೋಡಿದ ಮೊದಲಿಗರಲ್ಲಿ ಅಮೆರಿಕದ ಸ್ತ್ರೀವಾದಿ ಲೇಖಕಿ ಆಂಡ್ರಿಯಾ ಡ್ವರ್ಕಿನ್ ಒಬ್ಬರು. 1983ರ ತಮ್ಮ ಪುಸ್ತಕದಲ್ಲಿ ಅವರು, ಹೆಣ್ಣಿನ ಮೈಯನ್ನು ಬಳಸಿಕೊಳ್ಳಲು ಗಂಡಾಳಿಕೆಗೆ ಎರಡು ಮಾದರಿಗಳಿವೆ ಎಂದರು: ಹೆಣ್ಣನ್ನು ಬಿತ್ತಿ ಬೆಳೆ ತೆಗೆಯುವ ಹೊಲದಂತೆ ಕಾಣುವುದೊಂದು, ಸೂಳೆಮನೆಯದು ಇನ್ನೊಂದು. ಹೊಸ ತಂತ್ರಜ್ಞಾನ ಎರಡನ್ನೂ ಬೆಸೆದು ಗರ್ಭಗಳ ಸೂಳೆಮನೆಯನ್ನು ಕಟ್ಟಲಿದೆ ಎಂಬುದು ಅವರ ಎಚ್ಚರಿಕೆ. 1988ರಲ್ಲಿ ಸ್ತ್ರೀವಾದಿ ಚಿಂತಕಿ ಕ್ಯಾರೊಲ್ ಪೇಟ್‌ಮನ್ ಇದಕ್ಕೆ ರಾಜಕೀಯ ಸಿದ್ಧಾಂತದ ಅಡಿಪಾಯ ಹಾಕಿದರು. ಸ್ವತಂತ್ರ ವ್ಯಕ್ತಿಗಳ ನಡುವಿನ ಒಪ್ಪಂದ ಎಂದು ಉದಾರವಾದ ಯಾವುದನ್ನು ಹೊಗಳುತ್ತದೋ ಅದರ ಬುಡದಲ್ಲೇ ಗಂಡು ಹೆಣ್ಣನ್ನು ಆಳುವ ಇನ್ನೊಂದು ಒಪ್ಪಂದ ಹುದುಗಿದೆ, ವೇಶ್ಯಾವೃತ್ತಿಯೂ ಬಾಡಿಗೆ ತಾಯ್ತನವೂ ಅದರದೇ ರೂಪಗಳು ಎಂದರು.

ಅದೇ ವರ್ಷ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಬೇಬಿ ಎಂ ಎಂದು ಹೆಸರಾದ ಪ್ರಕರಣದಲ್ಲಿ 10,000 ಡಾಲರಿನ ಬಾಡಿಗೆ ತಾಯ್ತನದ ಒಪ್ಪಂದವನ್ನು ಅನೂರ್ಜಿತಗೊಳಿಸಿತು. ಆ ಮೊಕದ್ದಮೆಯಲ್ಲಿ ಹೆತ್ತ ತಾಯಿಯೇ ಎದುರಿಗೆ ನಿಂತು ಮಗು ನನ್ನದು ಎಂದಿದ್ದರು. ಮಂಜಿ ಪ್ರಕರಣಕ್ಕೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಹೆತ್ತವಳು ಟೀವಿಯಲ್ಲಿ ಕಾಣಿಸಿಕೊಂಡರು, ವಕೀಲರನ್ನಿಟ್ಟರು, ಸ್ತ್ರೀವಾದಿಗಳು ಆಕೆಯ ಬೆನ್ನಿಗೆ ನಿಂತರು. ಇಲ್ಲಿ ಮಗುವನ್ನು ಮರಳಿ ಕೇಳುವವರೇ ಇರಲಿಲ್ಲ. ಹಾಗಾಗಿ ಪಶ್ಚಿಮದಿಂದ ಬಂದ ವಾದಗಳ ಕೇಂದ್ರದಲ್ಲಿರುವ ಚಿತ್ರ, ಅಂದರೆ ಹೆತ್ತ ಕೂಸನ್ನು ಬಿಟ್ಟುಕೊಡಲಾರದೆ ತೊಳಲುವ ತಾಯಿಯ ಚಿತ್ರ, ಆನಂದಿಗೆ ಅಷ್ಟಾಗಿ ಹೊಂದುವುದಿಲ್ಲ.

ಇದು ದುಡಿಮೆ ಎನ್ನುವ ಇನ್ನೊಂದು ಬಣದ ಮಾತು ನಮ್ಮಲ್ಲಿ ಬಂದದ್ದು ಪುಸ್ತಕದಿಂದಲ್ಲ, ಬೀದಿಯಿಂದ. ಕೋಲ್ಕತ್ತದ ವೇಶ್ಯಾವಾಟಿಕೆಯಾದ ಸೋನಾಗಾಛಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ಆರೋಗ್ಯ ಕಾರ್ಯಕ್ರಮದಿಂದ ಶುರುವಾದದ್ದು 1995ರಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಾಯಿತು. ಅವರು ಉಷಾ ಎಂಬ ಸಹಕಾರ ಸಂಘ ಕಟ್ಟಲು ಹೊರಟಾಗ ನೋಂದಣಿಗೆ ಸದಸ್ಯರ ನೈತಿಕ ನಡತೆಯ ಷರತ್ತು ಅಡ್ಡ ಬಂತು. ಗೃಹಿಣಿಯರು ಎಂದು ಬರೆದುಬಿಡಿ, ಮುಗಿದುಹೋಗುತ್ತದೆ ಎಂಬ ಸಲಹೆಯನ್ನು ಆ ಹೆಂಗಸರು ಒಪ್ಪಲಿಲ್ಲ. ಕೊನೆಗೆ ಸರ್ಕಾರವೇ ನಿಯಮ ಬದಲಾಯಿಸಿತು. ನಮ್ಮ ಗಡಿಯಾಚೆ ಸಾಂಗ್ಲಿಯಲ್ಲಿ ಮೀನಾ ಶೇಷು ಅವರ ಸಂಗ್ರಾಮ್ ಸಂಸ್ಥೆಯ ಜೊತೆ 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಹುಟ್ಟಿತು. ಅದರಲ್ಲಿ ದೇವದಾಸಿ ಹಿನ್ನೆಲೆಯ ಕನ್ನಡದ ಹೆಂಗಸರೂ ಬಹಳ. ನಿಪ್ಪಾಣಿಯವರೆಗೂ ಅದರ ಕೆಲಸ ಹಬ್ಬಿದೆ. ನಮಗೆ ಬೇಕಿರುವುದು ಪುನರ್ವಸತಿಯ ಹೊಲಿಗೆ ಯಂತ್ರವಲ್ಲ, ಪೊಲೀಸರ ಲಾಠಿಯಿಂದ ಬಿಡುಗಡೆ ಎಂಬುದು ಇಂಥ ಸಂಘಟನೆಗಳು ವರ್ಷಗಳಿಂದ ಹೇಳುತ್ತ ಬಂದ ಮಾತು.

ಇವೆರಡರ ನಡುವೆ ನನಗೆ ಹೆಚ್ಚು ಉಪಯೋಗಕ್ಕೆ ಬಂದವರು ಡೆಬ್ರಾ ಸಾಟ್ಸ್ ಎಂಬ ತತ್ತ್ವಶಾಸ್ತ್ರಜ್ಞೆ. 1992ರಲ್ಲಿ ಬಾಡಿಗೆ ತಾಯ್ತನದ ಬಗ್ಗೆ, 1995ರಲ್ಲಿ ವೇಶ್ಯಾವೃತ್ತಿಯ ಬಗ್ಗೆ ಬರೆದ ಎರಡು ಲೇಖನಗಳಲ್ಲಿ ಅವರು ಹೆಣ್ಣಿನ ಮೈ ಪವಿತ್ರ, ಅದನ್ನು ದುಡ್ಡು ಮುಟ್ಟಬಾರದು ಎಂಬ ವಾದವನ್ನು ಬದಿಗಿಡುತ್ತಾರೆ. ಮೈಯನ್ನು ದುಡಿಸದ ಕೂಲಿ ಯಾವುದಿದೆ? ಈ ಎರಡು ಮಾರುಕಟ್ಟೆಗಳಲ್ಲಿ ತಪ್ಪಿರುವುದು, ಅವು ಈಗಾಗಲೇ ಕೆಳಗಿರುವ ಹೆಣ್ಣನ್ನು ಇನ್ನಷ್ಟು ಕೆಳಗಿಡುತ್ತವೆ ಎಂಬುದರಲ್ಲಿ. ಪ್ರಶ್ನೆಯನ್ನು ಮೈಯಿಂದ ಸ್ಥಾನಮಾನಕ್ಕೆ ಸರಿಸಿದ್ದು ಅವರ ದೊಡ್ಡ ಕೊಡುಗೆ. ನನಗಿರುವ ತಕರಾರು, ಸಾಟ್ಸ್ ಕಣ್ಣಿಗೆ ಮುಖ್ಯವಾಗಿ ಬೀಳುವುದು ಗಂಡು ಹೆಣ್ಣಿನ ನಡುವಿನ ಅಸಮಾನತೆ. ಆನಂದಿನ ಒಪ್ಪಂದದಲ್ಲಿ ಒಂದು ಕಡೆ ಕೂಲಿ ಮನೆತನದ ಹೆಂಗಸು, ಇನ್ನೊಂದು ಕಡೆ ಡಾಲರು ಅಥವಾ ಯೆನ್ ಹಿಡಿದು ಬಂದ ಇನ್ನೊಬ್ಬ ಹೆಂಗಸೂ ಇದ್ದಳು. ಬಡತನ, ಜಾತಿ, ದೇಶ ಈ ಮೂರೂ ಒಟ್ಟಿಗೆ ಕೆಲಸ ಮಾಡುವ ಕಡೆ ಗಂಡಾಳಿಕೆಯೊಂದನ್ನೇ ಹಿಡಿದು ಹೊರಟರೆ ಅರ್ಧ ದಾರಿಯಲ್ಲೇ ನಿಲ್ಲುತ್ತೇವೆ.

ಹಾಸ್ಟೆಲಿನ ಒಳಗೆ

ಆನಂದಿನ ಕಡೆಯ ಹೆಂಗಸರ ಜೊತೆ ಕೂತು ಕೇಳಿದವರು ಸಮಾಜಶಾಸ್ತ್ರಜ್ಞೆ ಅಮೃತಾ ಪಾಂಡೆ. ಅವರ ಅಧ್ಯಯನ 2014ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಕಾಣುವ ಬಾಡಿಗೆ ತಾಯಂದಿರಲ್ಲಿ ಅನೇಕರು ಬಸಿರಿನ ತಿಂಗಳುಗಳನ್ನು ಆಸ್ಪತ್ರೆಯ ಹಾಸ್ಟೆಲಿನಲ್ಲಿ ಕಳೆಯುತ್ತಾರೆ. ಊರಿನಲ್ಲಿದ್ದರೆ ಮಾತು ಬರುತ್ತದೆ ಎಂಬುದೂ ಒಂದು ಕಾರಣ. ಗಂಡಸಿನ ಸಂಗವಿಲ್ಲದೆ ಬಸಿರಾಗುವುದು ಹೇಗೆಂದು ತಿಳಿಯದ ನೆರೆಹೊರೆಯವರು ಇದನ್ನು ಸೂಳೆಗಾರಿಕೆಯೆಂದೇ ತಿಳಿಯುತ್ತಾರೆ. ಅದಕ್ಕೆ ಈ ಹೆಂಗಸರ ಉತ್ತರ ಸಿದ್ಧವಾಗಿರುತ್ತದೆ: ಇಲ್ಲಿ ಯಾರೂ ಮುಟ್ಟುವುದಿಲ್ಲ, ಸೂಜಿ ಚುಚ್ಚುತ್ತಾರೆ ಅಷ್ಟೆ, ನಾವು ಕೆಟ್ಟ ಕೆಲಸ ಮಾಡುತ್ತಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಅವರು ಎಳೆಯುವ ಗೆರೆಯ ಆಚೆ ಬದಿಯಲ್ಲಿ ನಿಂತಿರುವುದು ಇನ್ನೊಬ್ಬ ಬಡ ಹೆಂಗಸು.

ಕೈಗೆ ಬರುತ್ತಿದ್ದ ಹಣ ಕುಟುಂಬದ ನಾಲ್ಕೈದು ವರ್ಷದ ಸಂಪಾದನೆಯ ಸಮ. ಸಣ್ಣ ಮೊತ್ತವೇನಲ್ಲ. ಆದರೆ ಪಾಂಡೆ ತೋರಿಸುವ ಸೂಕ್ಷ್ಮ ಬೇರೆಯದು. ಆಸ್ಪತ್ರೆಗೆ ಏಕಕಾಲಕ್ಕೆ ಎರಡು ಬಗೆಯ ಹೆಣ್ಣು ಬೇಕಿತ್ತು. ಮಗುವನ್ನು ಕೊಟ್ಟುಹೋಗುವ ಹೊತ್ತಿಗೆ ಆಕೆ ಕೆಲಸ ಮುಗಿಸಿದ ಕೆಲಸಗಾತಿಯಾಗಿರಬೇಕು: ಮಗು ನಿನ್ನದಲ್ಲ, ನೀನು ಒಂಬತ್ತು ತಿಂಗಳು ಇರಲು ಜಾಗ ಕೊಟ್ಟಿದ್ದೀಯ ಅಷ್ಟೆ. ಹಣದ ಮಾತು ಬಂದಾಗ ಮಾತ್ರ ಆಕೆ ತಾಯಿಯಾಗಬೇಕು: ಮಕ್ಕಳಿಲ್ಲದವರಿಗೆ ಮಗು ಕೊಡುವ ಪುಣ್ಯದ ಕೆಲಸದಲ್ಲಿ ಚೌಕಾಸಿ ಮಾಡಬಾರದು. ಕೆಲಸಗಾತಿಯ ಹಕ್ಕೂ ಇಲ್ಲ, ತಾಯಿಯ ಹಕ್ಕೂ ಇಲ್ಲ. ಡ್ವರ್ಕಿನ್ ಹೇಳಿದ ಸೂಳೆಮನೆಯ ಹೋಲಿಕೆಯಾಗಲಿ, ಉದಾರವಾದಿಗಳ ಆಯ್ಕೆಯ ಸ್ವಾತಂತ್ರ್ಯವಾಗಲಿ ಈ ಜಾಣತನವನ್ನು ಹಿಡಿಯುವುದಿಲ್ಲ.

ಬೆಂಗಳೂರಿನ ಚಿತ್ರ ಇನ್ನೊಂದು ಬಗೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಶರ್ಮಿಳಾ ರುದ್ರಪ್ಪ ಇಲ್ಲಿನ ಬಾಡಿಗೆ ತಾಯಂದಿರನ್ನು ಮಾತನಾಡಿಸಿ 2015ರಲ್ಲಿ ಪುಸ್ತಕ ಪ್ರಕಟಿಸಿದರು. ಅವರಿಗೆ ಸಿಕ್ಕವರಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದವರು ಬಹಳ. ದಿನವಿಡೀ ಮಿಷನ್ನಿನ ಮುಂದೆ ಕೂತು ಟಾರ್ಗೆಟ್ ಮುಟ್ಟಿಸುವುದು, ಸೂಪರ್‌ವೈಸರನ ಬೈಗುಳ, ಮೂತ್ರಕ್ಕೆ ಹೋಗಲೂ ಅಪ್ಪಣೆ. ಇದರೊಂದಿಗೆ ಹೋಲಿಸಿ ಆ ಹೆಂಗಸರು ಬಾಡಿಗೆ ತಾಯ್ತನವೇ ಮೇಲು, ಇಲ್ಲಿ ಕೊನೆಗೆ ಒಂದು ಮಗುವಾದರೂ ಹುಟ್ಟುತ್ತದೆ ಎಂಬ ಧಾಟಿಯಲ್ಲಿ ಮಾತಾಡಿದರು. ಇದನ್ನು ಓದಿ ಬಾಡಿಗೆ ತಾಯ್ತನ ಒಳ್ಳೆಯದು ಎಂದು ತೀರ್ಮಾನಿಸಿದರೆ ದಡ್ಡತನ. ಗಾರ್ಮೆಂಟ್ಸ್ ಎಷ್ಟು ಕೆಟ್ಟದ್ದು ಎಂಬುದಕ್ಕೆ ಅದು ಸಾಕ್ಷಿ.

ಹೀಗಿದ್ದೂ ಗಾರ್ಮೆಂಟ್ಸ್ ಹೆಂಗಸರ ಕೈಯಲ್ಲಿ ಒಂದು ಅಸ್ತ್ರವಿತ್ತು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವ ನಿಯಮವನ್ನು ಕೇಂದ್ರ ಬದಲಾಯಿಸಿದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು, ಬೆಂಗಳೂರು ಸ್ತಬ್ಧವಾಯಿತು, ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಸೋನಾಗಾಛಿಯವರಿಗೂ ಸಾಂಗ್ಲಿಯವರಿಗೂ ಸಂಘವಿದೆ. ಬಾಡಿಗೆ ತಾಯಿಗೆ ಅದು ಬಲು ಕಷ್ಟ. ಕೆಲಸ ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ, ಊರಿಗೆ ಹೋಗಿ ಬಾಯಿ ಬಿಡುವಂತಿಲ್ಲ, ಮುಷ್ಕರ ಹೂಡುವುದಾದರೂ ಹೇಗೆ? 2012ರಲ್ಲಿ ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ ಅಮೆರಿಕದ ದಂಪತಿಯ ಮಗು ಹೊತ್ತಿದ್ದ ಹೆಂಗಸು ತೀರಿಕೊಂಡರು, ಮಗು ಉಳಿಯಿತು. ಕೆಲವು ದಿನ ಸುದ್ದಿಯಾಯಿತು, ಅಷ್ಟೆ.

ಕಾನೂನು ಬಂದ ದಾರಿ

ಮಂಜಿ ಪ್ರಕರಣ ಮುಗಿದ ಮರುವರ್ಷ, 2009ರ ಆಗಸ್ಟಿನಲ್ಲಿ, ಕಾನೂನು ಆಯೋಗದ 228ನೆಯ ವರದಿ ಬಂತು. ಬಾಡಿಗೆ ತಾಯ್ತನವನ್ನು 25,000 ಕೋಟಿ ರೂಪಾಯಿಯ ಚಿನ್ನದ ಕೊಡವೆಂದು ಕರೆದ ವರದಿ, ಪರೋಪಕಾರದ ಬಾಡಿಗೆ ತಾಯ್ತನ ಇರಲಿ, ವಾಣಿಜ್ಯದ್ದು ಬೇಡ ಎಂದಿತು. ಆದರೆ ಆರೋಗ್ಯ ಇಲಾಖೆ ಸಿದ್ಧಪಡಿಸುತ್ತಿದ್ದ ಮಸೂದೆಗಳು ವಾಣಿಜ್ಯವನ್ನು ಒಪ್ಪಿಯೇ ಮುಂದುವರಿದವು. ಅಲ್ಲೊಂದು ಚಿಕ್ಕ ಬದಲಾವಣೆ ನಡೆಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಹೆಚ್ಚು ಹೇಳುವ ವಿವರ ಇನ್ನೊಂದಿಲ್ಲ. 2008ರ ಕರಡಿನಲ್ಲಿ ಬಾಡಿಗೆ ತಾಯಿಗೆ ಮೂರು ಕಂತುಗಳಲ್ಲಿ ಹಣ, ಶೇ 75ರಷ್ಟು ಮೊದಲ ಕಂತಿನಲ್ಲೇ. 2010ರ ಕರಡಿನಲ್ಲಿ ಕಂತುಗಳು ಐದಾದವು. ಶೇ 75 ಹೆರಿಗೆಯ ನಂತರದ ಕೊನೆಯ ಕಂತಿಗೆ ಹೋಯಿತು. ಗರ್ಭ ಇಳಿದುಹೋದರೆ, ಮಗು ಸತ್ತು ಹುಟ್ಟಿದರೆ ನಷ್ಟ ಯಾರದು ಎಂಬುದನ್ನು ಈ ಒಂದು ಸಾಲು ನಿರ್ಧರಿಸಿತ್ತು. ದೆಹಲಿಯ ಸಮಾ ಎಂಬ ಮಹಿಳಾ ಆರೋಗ್ಯ ಸಂಸ್ಥೆ ಇದನ್ನು ಎತ್ತಿ ಆಡಿತು. ಮಾರಾಟವೋ ದುಡಿಮೆಯೋ ಎಂದು ವೇದಿಕೆಯಲ್ಲಿ ವಾದಿಸುವುದಕ್ಕಿಂತ ಇಂಥ ಸಾಲುಗಳ ಮೇಲೆ ಕಣ್ಣಿಡುವುದು ಹೆಚ್ಚು ಸ್ತ್ರೀವಾದಿ ಕೆಲಸ ಎಂದು ನನಗನ್ನಿಸುತ್ತದೆ.

ಆಮೇಲೆ ಗಾಳಿ ತಿರುಗಿತು. 2015ರ ನವೆಂಬರಿನಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು. 2016ರ ಮಸೂದೆ ವಾಣಿಜ್ಯವನ್ನು ಪೂರ್ತಿ ನಿಷೇಧಿಸಿ, ಹತ್ತಿರದ ಬಂಧುಗಳು ಮಾತ್ರ ಬಾಡಿಗೆ ತಾಯಿಯಾಗಬಹುದು ಎಂದಿತು. ಸಂಸತ್ತಿನ ಸ್ಥಾಯಿ ಸಮಿತಿ 2017ರ ಆಗಸ್ಟಿನಲ್ಲಿ ಕೊಟ್ಟ 102ನೆಯ ವರದಿಯನ್ನು ಇಲ್ಲಿ ನೆನೆಯಲೇಬೇಕು. ರಾಮ್ ಗೋಪಾಲ್ ಯಾದವ್ ಅಧ್ಯಕ್ಷತೆಯ ಆ ಸಮಿತಿಯಿಂದ ಇಷ್ಟು ನೇರವಾದ ಮಾತು ಬರುತ್ತದೆಂದು ಹೆಚ್ಚಿನವರು ಎಣಿಸಿರಲಿಲ್ಲವೇನೋ. ಗಂಡಾಳಿಕೆಯ ಮನೆಗಳಲ್ಲಿ ಬಂಧುಗಳ ಒತ್ತಾಯಕ್ಕೆ ಒಲ್ಲೆ ಎನ್ನುವ ಶಕ್ತಿ ಎಲ್ಲ ಹೆಂಗಸರಿಗೂ ಇರುವುದಿಲ್ಲ, ಬಿಟ್ಟಿ ಹೊರಿಸುವುದೂ ಶೋಷಣೆಯೇ, ಆದ್ದರಿಂದ ತಕ್ಕ ಪರಿಹಾರ ಕೊಡುವ ಪದ್ಧತಿ ಇರಲಿ ಎಂದಿತು ಸಮಿತಿ. ಮನೆಯ ಕಿರಿಸೊಸೆಗೆ ಹಿರಿಯ ಓರಗಿತ್ತಿಯ ಮಗುವನ್ನು ಹೊತ್ತುಕೊಡು ಎಂದರೆ ಆಕೆ ಯಾವ ಬಾಯಲ್ಲಿ ಆಗುವುದಿಲ್ಲ ಎಂದಾಳು? ಕೂಡುಕುಟುಂಬ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಆ ಸಲಹೆಯನ್ನು ಒಪ್ಪಲಿಲ್ಲ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂತು. ಬಂಧುವೇ ಆಗಬೇಕೆಂಬ ಷರತ್ತು ಹೋಯಿತು. ಒಪ್ಪುವ ಯಾವ ಹೆಂಗಸಾದರೂ ಸರಿ, ಆದರೆ ಮದುವೆಯಾಗಿರಬೇಕು, ಸ್ವಂತ ಮಗುವಿರಬೇಕು, ವಯಸ್ಸು 25ರಿಂದ 35ರ ಒಳಗಿರಬೇಕು, ಜೀವನದಲ್ಲಿ ಒಂದೇ ಸಲ. ಚಿಕಿತ್ಸೆಯ ಖರ್ಚು, ನಿಯಮಗಳಲ್ಲಿ ಹೇಳಿದ ಇತರ ಖರ್ಚು ಮತ್ತು 36 ತಿಂಗಳ ವಿಮೆ ಬಿಟ್ಟರೆ ಬಿಡಿಗಾಸು ಕೊಡುವಂತಿಲ್ಲ. ವಾಣಿಜ್ಯ ನಡೆಸಿದವರಿಗೆ 10 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ಭ್ರೂಣ ಇಡುವ ಮುನ್ನ ಆಕೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬ ಒಳ್ಳೆಯ ಅಂಶವೂ ಇದೆ, ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಎಂಬುದೂ ಇದೆ. ಇವನ್ನು ಅಲ್ಲಗಳೆಯಲಾರೆ.

ಆದರೆ ಲೆಕ್ಕ ನೋಡಿ. ವೈದ್ಯರಿಗೆ ಶುಲ್ಕವಿದೆ. ಪ್ರಯೋಗಾಲಯಕ್ಕೆ, ಅರಿವಳಿಕೆ ತಜ್ಞರಿಗೆ, ಕಾಗದ ಬರೆಯುವ ವಕೀಲರಿಗೆ, ವಿಮಾ ಕಂಪನಿಗೆ ಹಣವಿದೆ. ಇವರಲ್ಲಿ ಯಾರ ಕೆಲಸವೂ ದುಡ್ಡು ಮುಟ್ಟಿದ್ದರಿಂದ ಕೊಳಕಾಗಲಿಲ್ಲ. ವಾಂತಿ, ಊದಿದ ಕಾಲು, ಸಿಸೇರಿಯನ್ ಗಾಯ ಯಾರದೋ ಆ ಒಬ್ಬರಿಂದ ಮಾತ್ರ ಕಾನೂನು ತ್ಯಾಗವನ್ನು ಕೇಳುತ್ತದೆ. ಆನಂದಿನ ಹಾಸ್ಟೆಲಿನಲ್ಲಿ ಆಸ್ಪತ್ರೆ ಉಪದೇಶದಿಂದ ಮಾಡಿಸುತ್ತಿದ್ದುದನ್ನು ಈಗ ಸಂಸತ್ತು ಕಾಯ್ದೆಯಿಂದ ಮಾಡಿಸುತ್ತಿದೆ: ಮಗು ಹೊರುವ ತಾಯಿ ಚೌಕಾಸಿ ಮಾಡಬಾರದು.

ಪಕ್ಕದ ಕಾನೂನು

ವೇಶ್ಯಾವೃತ್ತಿಯ ಕಾನೂನನ್ನು ಇದರ ಜೊತೆಗಿಟ್ಟರೆ ಸೋದರಿಯರಂತೆ ಕಾಣುತ್ತವೆ. 1956ರ ಅನೈತಿಕ ಮಾನವ ಸಾಗಣೆ ತಡೆ ಕಾಯ್ದೆ, ಪೊಲೀಸರ ಬಾಯಲ್ಲಿ ಪೀಟಾ, ವಯಸ್ಕ ಹೆಂಗಸೊಬ್ಬಳು ತಾನಾಗಿ ಈ ವೃತ್ತಿ ಮಾಡುವುದನ್ನೇ ಅಪರಾಧ ಎನ್ನುವುದಿಲ್ಲ. ಆದರೆ ಗಿರಾಕಿಯನ್ನು ಕರೆಯುವುದು ಅಪರಾಧ, ಇಬ್ಬರು ಸೇರಿ ಒಂದು ಮನೆಯಲ್ಲಿ ನಡೆಸಿದರೆ ಅದು ವೇಶ್ಯಾಗೃಹ, ಆಕೆಯ ಸಂಪಾದನೆಯಲ್ಲಿ ಬದುಕುವ ವಯಸ್ಕ ಮಗನೋ ಮುದಿ ತಾಯಿಯೋ ಕೂಡ ಕಾನೂನಿನ ಕೈಗೆ ಸಿಗುತ್ತಾರೆ. ಕೆಲಸ ತಪ್ಪಲ್ಲ, ಅದರಿಂದ ಬಾಳುವೆ ಕಟ್ಟಿಕೊಳ್ಳುವುದು ತಪ್ಪು. ಬಾಡಿಗೆ ತಾಯ್ತನದಲ್ಲೂ ಈಗ ಅದೇ: ಹೊರುವುದು ತಪ್ಪಲ್ಲ, ಹೊತ್ತದ್ದಕ್ಕೆ ಪಡೆಯುವುದು ತಪ್ಪು.

ಆದರೆ ವೇಶ್ಯಾವೃತ್ತಿಯ ವಿಷಯದಲ್ಲಿ ಒಂದು ಬಾಗಿಲು ಸ್ವಲ್ಪ ತೆರೆಯಿತು. 1999ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆಯಾಗಿತ್ತು. ಬುದ್ಧದೇವ್ ಕರ್ಮಾಸ್ಕರ್ ಎಂಬ ಹೆಸರಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಶಿಕ್ಷೆ ಕಾಯಂ ಮಾಡಿದ್ದಷ್ಟೇ ಅಲ್ಲದೆ ಒಂದು ಸಮಿತಿಯನ್ನೂ ನೇಮಿಸಿತು. ದುರ್ಬಾರ್ ಸಮಿತಿಗೂ ಉಷಾ ಸಹಕಾರ ಸಂಘಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಅದರ ಫಲವಾಗಿ 2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರ ಪೀಠ, ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ವಿಳಾಸದ ಪುರಾವೆಗೆ ಪಟ್ಟುಹಿಡಿಯದೆ ಆಧಾರ್ ಕೊಡಬೇಕು ಎಂದು ಆದೇಶಿಸಿತು. ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ತಕರಾರು ತೆಗೆದದ್ದೂ ಉಂಟು. ಏನೇ ಇರಲಿ, ಆ ಆದೇಶದ ಹಿಂದೆ ಅದೇ ಕಸುಬಿನ ಹೆಂಗಸರು ಕೂತು ಬರೆಸಿದ ಸಾಲುಗಳಿವೆ. ಬಾಡಿಗೆ ತಾಯ್ತನದ ಕಾನೂನಿನ ಹಿಂದೆ ಅಂಥದ್ದು ಕಾಣುವುದಿಲ್ಲ. 2021ರ ಕಾಯ್ದೆಯನ್ನು ಸುಪ್ರೀಂ ಕೋರ್ಟಿಗೆ ಎಳೆದವರಲ್ಲಿ ಮುಂದಿದ್ದದ್ದೂ ಚೆನ್ನೈನ ಒಬ್ಬ ಬಂಜೆತನ ಚಿಕಿತ್ಸಾ ತಜ್ಞರು.

ನಿಷೇಧವೇ ಹೆಣ್ಣಿನ ರಕ್ಷಣೆ ಎನ್ನುವ ಸ್ತ್ರೀವಾದಿಗಳ ಕಾಳಜಿ ನನಗೆ ಅರ್ಥವಾಗುತ್ತದೆ. ಆನಂದಿನ ಒಪ್ಪಂದಗಳು ನೆಟ್ಟಗಿರಲಿಲ್ಲ ಎಂಬುದರಲ್ಲಿ ಅವರ ಜೊತೆ ನನಗೆ ಭಿನ್ನಾಭಿಪ್ರಾಯವೇ ಇಲ್ಲ. ಆದರೆ ನಿಷೇಧ ಮಾಡಿದ ಮೇಲೆ ಏನಾಯಿತು ಎಂಬುದನ್ನೂ ಅವರು ನೋಡಬೇಕು. ಭಾರತ ವೀಸಾ ನಿಯಮ ಬಿಗಿಮಾಡಿದಂತೆ ವ್ಯಾಪಾರ ನೇಪಾಳಕ್ಕೆ ಜರುಗಿತು. ಅಲ್ಲಿ ನೇಪಾಳದ ಹೆಂಗಸರು ಹೊರುವಂತಿರಲಿಲ್ಲ, ಹಾಗಾಗಿ ಭಾರತದ ಹೆಂಗಸರನ್ನೇ ಕರೆದೊಯ್ದರು. 2015ರ ಏಪ್ರಿಲ್‌ನಲ್ಲಿ ಭೂಕಂಪವಾದಾಗ ಇಸ್ರೇಲ್ ವಿಮಾನ ಕಳಿಸಿ ತನ್ನ ಪ್ರಜೆಗಳ ಶಿಶುಗಳನ್ನು ಹೊತ್ತೊಯ್ದಿತು. ಹೆತ್ತವರು ಅಲ್ಲೇ ಉಳಿದರು. ನೇಪಾಳ ಅದೇ ವರ್ಷ ನಿಲ್ಲಿಸಿತು, ಥಾಯ್ಲೆಂಡ್ ನಿಷೇಧಿಸಿತು, ದಂಧೆ ಕಾಂಬೋಡಿಯಾಕ್ಕೆ ಹೋಯಿತು. ಕಾಂಬೋಡಿಯಾ 2016ರಲ್ಲಿ ನಿಷೇಧಿಸಿತು. 2018ರಲ್ಲಿ ಅಲ್ಲಿನ ಪೊಲೀಸರು ಚೀನೀ ಗಿರಾಕಿಗಳಿಗಾಗಿ ಬಸಿರಾಗಿದ್ದ ಮೂವತ್ತಕ್ಕೂ ಹೆಚ್ಚು ಹೆಂಗಸರನ್ನು ಹಿಡಿದು, ಮಾನವ ಸಾಗಾಟದ ಆರೋಪ ಹೊರಿಸಿದರು. ಹುಟ್ಟುವ ಮಕ್ಕಳನ್ನು ತಾವೇ ಸಾಕುತ್ತೇವೆಂದು ಒಪ್ಪಿದ ಮೇಲೆ ಡಿಸೆಂಬರಿನಲ್ಲಿ ಅವರನ್ನು ಬಿಟ್ಟರು.